ಟೊಪ್ಪಿಗೆಯ ವಯಸ್ಸು ಎಷ್ಟು?

ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿದಾಗ ಹಳೆಯ ಸೀರೆಗಳ ಅಡಿಯಿಂದ ಒಂದು ಕಾಲೇಜು ಟೊಪ್ಪಿಗೆ ಹೊರಬಂತು ಎನ್ನಿ. ನುಸಿಗುಳಿಗೆಯ ವಾಸನೆ, ಹಕ್ಕಿಯ ಕೊಕ್ಕಿನಂತೆ ಮುಂದೆ ಚಾಚಿದ ಅಂಚು, ಹಣೆಯ ಮೇಲೆ ಕಸೂತಿಯ ಅಕ್ಷರಗಳು. ‘ಅಜ್ಜ ಬೆಳಗಾವಿಯಲ್ಲಿ ಕಲಿಯುವಾಗಿನದು, ಸ್ವಾತಂತ್ರ್ಯಕ್ಕೂ ಮೊದಲಿನದು’ ಎಂದು ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಆ ಮನೆ ಖಾನಾಪುರ ತಾಲ್ಲೂಕಿನಲ್ಲಿದ್ದರೆ ಈ ಮಾತನ್ನು ಒಪ್ಪುವ ಮುನ್ನ ಅಲ್ಲಿನ ಮಳೆಯನ್ನು ನೆನೆಯಬೇಕು.

ಕನಕುಂಬಿ, ಜಾಂಬೋಟಿ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಕಬ್ಬಿಣದ ಕೊಂಡಿ ತುಕ್ಕು ತಿನ್ನುತ್ತದೆ, ಅಂಚಿನೊಳಗಿನ ರಟ್ಟು ಮೆತ್ತಗಾಗಿ ಸೊಟ್ಟಾಗುತ್ತದೆ. ಅಲ್ಲಿ ಹತ್ತು ವರ್ಷದ ಟೊಪ್ಪಿಗೆಗೆ ಐವತ್ತರ ಮುಪ್ಪು. ಅದರ ಜೋಡಿ ಟೊಪ್ಪಿಗೆ ಬೆಳಗಾವಿ ಪೇಟೆಯ ಬೆಚ್ಚನೆಯ ಕಪಾಟಿನಲ್ಲಿದ್ದರೆ ನಿನ್ನೆ ಕೊಂಡಂತೆ ಇರುತ್ತದೆ. ಆದ್ದರಿಂದ ಕೊಳೆ, ಕಲೆ, ಮಾಸಿದ ಬಣ್ಣ ಇವು ವಯಸ್ಸು ಹೇಳುವುದಿಲ್ಲ. ಇಟ್ಟ ಜಾಗದ ಕಥೆ ಹೇಳುತ್ತವೆ, ಅಷ್ಟೆ.

ವಯಸ್ಸು ಹೇಳುವುದು ಹೆಸರು. ಈ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಊರು ಇದ್ದಲ್ಲೇ ಇದ್ದು ಅದರ ಮೇಲಿನ ಫಲಕಗಳು ಮಾತ್ರ ಬದಲಾಗುತ್ತ ಬಂದಿವೆ. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯ. ಅಲ್ಲಿಂದ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ಹಾಗಾಗಿ ಇಲ್ಲಿನ ಎನ್‌.ಸಿ.ಸಿ. ಕೆಡೆಟ್‌ ಒಬ್ಬನ ಬಿಲ್ಲೆಯಲ್ಲಿ ‘ಮೈಸೂರು’ ಎಂದಿದ್ದರೆ ಅದು ಹದಿನೇಳು ವರ್ಷಗಳ ಆ ಅವಧಿಯಲ್ಲಿ ಮಾಡಿಸಿದ್ದು. ಎನ್‌.ಸಿ.ಸಿ. ಹುಟ್ಟಿದ್ದೇ 1948ರಲ್ಲಿ. ಅದಕ್ಕೂ ಹಿಂದಿನದಾದರೆ ‘ಯು.ಟಿ.ಸಿ.’ ಎಂದೋ, 1942ರ ನಂತರದ್ದಾದರೆ ‘ಯು.ಓ.ಟಿ.ಸಿ.’ ಎಂದೋ ಇರಬೇಕು. ಲೋಹದ ಬಿಲ್ಲೆಯ ಮೇಲೆ ಕಿರೀಟವಿದ್ದರೆ ಬ್ರಿಟಿಷರ ಕಾಲ. ಅಶೋಕನ ಸಿಂಹಗಳಿದ್ದರೆ ಸ್ವತಂತ್ರ ಭಾರತದ್ದು.

ವಿಶ್ವವಿದ್ಯಾಲಯದ ಹೆಸರು ಇನ್ನೂ ಉಪಯುಕ್ತ. 1933ರಲ್ಲಿ ಲಿಂಗರಾಜ ಕಾಲೇಜು ಆರಂಭವಾದಾಗ ಅದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅಂತರ ಕಾಲೇಜು ಪಂದ್ಯದ ಟೊಪ್ಪಿಗೆಯ ಮೇಲೆ ಧಾರವಾಡದ ಮುದ್ರೆಯಿದ್ದರೆ ಅದು ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಎಂಜಿನಿಯರಿಂಗ್ ಹುಡುಗರದಾದರೆ 1998ರ ನಂತರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಕಲೆ, ವಾಣಿಜ್ಯ, ವಿಜ್ಞಾನದವರಿಗೆ 2010ರಿಂದ ರಾಣಿ ಚನ್ನಮ್ಮ.

ಒಳಗಿನ ಪಟ್ಟಿಯಲ್ಲಿ ಹೊಲಿದುಕೊಟ್ಟ ಅಂಗಡಿಯ ಚೀಟಿ ಉಳಿದಿದ್ದರೆ ಅದು ಬಂಗಾರ. ಅದರಲ್ಲಿ 590ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್ ಇದೆಯೇ ನೋಡಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇಂಗ್ಲಿಷಿನಲ್ಲಿ ‘ಬೆಲ್ಗಾಂ’ ಎಂದಿದ್ದರೆ 2014ರ ನವೆಂಬರ್‌ಗಿಂತ ಮೊದಲಿನದಿರಬಹುದು. ಅಧಿಕೃತವಾಗಿ ಇಂಗ್ಲಿಷಿನಲ್ಲೂ ‘ಬೆಳಗಾವಿ’ ಆದದ್ದು ಆಗ. ಆದರೆ ಅಂಗಡಿಯವರು ಹಳೆಯ ಚೀಟಿಯ ಕಟ್ಟು ಮುಗಿಯುವ ತನಕ ಹೊಸದು ಅಚ್ಚು ಹಾಕಿಸುವುದಿಲ್ಲ. ಇನ್ನು ಕನ್ನಡದಲ್ಲಿ ಬರೆದ ಚೀಟಿಯಿಂದ ಈ ಸುಳಿವು ಸಿಗದು. ಕನ್ನಡಿಗರು ಅಂದೂ ಬೆಳಗಾವಿ ಎಂದೇ ಬರೆಯುತ್ತಿದ್ದರು!

ಇಲ್ಲಿ ಒಂದು ನಿಯಮ ನೆನಪಿಡಬೇಕು. ಹೆಸರಾಗಲಿ ವಸ್ತುವಾಗಲಿ ‘ಇದಕ್ಕಿಂತ ಹಳೆಯದಲ್ಲ’ ಎಂದು ಗಟ್ಟಿಯಾಗಿ ಹೇಳಬಲ್ಲದು. ‘ಇದಕ್ಕಿಂತ ಹೊಸದಲ್ಲ’ ಎಂದು ಹೇಳುವುದು ಕಡಿಮೆ. ಮುಂದೆ ಎಂದೋ ಹಾಕಿದ ಗುಂಡಿ, ಬದಲಿಸಿದ ಅಸ್ತರು ಇಡೀ ಟೊಪ್ಪಿಗೆಯನ್ನು ಹೊಸದು ಮಾಡುವುದಿಲ್ಲ. ಹಾಗಾಗಿ ಮೂಲ ಹೊಲಿಗೆ ಯಾವುದು ಎಂದು ಮೊದಲು ಗುರುತಿಸಬೇಕು.

ಆ ಹೊಲಿಗೆಯ ದಾರದ ಒಂದು ತುಣುಕನ್ನು ಚಿಮಟಿಯಲ್ಲಿ ಹಿಡಿದು, ಟೊಪ್ಪಿಗೆಯಿಂದ ದೂರದಲ್ಲಿ, ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾಯಿತೇ? ಅದು ಪಾಲಿಯೆಸ್ಟರಿನಂಥ ಕೃತಕ ದಾರ. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ. ನಮ್ಮ ಪೇಟೆಯ ದರ್ಜಿಯ ಕೈಗೆ ಬರಲು ಇನ್ನಷ್ಟು ಕಾಲ ಬೇಕಾಯಿತು. ಹಿಂಬದಿಯಲ್ಲಿ ಅಂಟಿಸಿ ಬಿಚ್ಚುವ ವೆಲ್ಕ್ರೊ ಪಟ್ಟಿಗೆ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಹಕ್ಕುಪತ್ರ ಪಡೆದದ್ದು 1950ರ ದಶಕದಲ್ಲಿ. ನೋಟು ಪರೀಕ್ಷಿಸುವ ನೇರಳೆ ದೀಪದಡಿ ಬಟ್ಟೆ ನೀಲಿಯಾಗಿ ಹೊಳೆದರೆ ಮಾತ್ರ ಮೋಸಹೋಗಬೇಡಿ. ಅಜ್ಜನ ಟೊಪ್ಪಿಗೆಯನ್ನು ಮೊಮ್ಮಗಳು ಹೊಳಪಿನ ಸೋಪುಪುಡಿಯಲ್ಲಿ ಒಗೆದಿದ್ದರೂ ಅದು ಹಾಗೆಯೇ ಹೊಳೆಯುತ್ತದೆ.

ಆಕಾರವೂ ಮಾತನಾಡುತ್ತದೆ. ಬ್ರಿಟಿಷರ ಬಳಿಯಿಂದ ಬಂದ ಕ್ರಿಕೆಟ್ ಟೊಪ್ಪಿಗೆಗೆ ಗಿಡ್ಡ ಅಂಚು. ಹಿಂದೆ ಸಡಿಲಿಸುವ ಪಟ್ಟಿಯಿಲ್ಲ, ಪ್ರತಿ ತಲೆಗೆ ಒಂದು ಅಳತೆ. ಒಳಗೆ 7 ಎಂದಿದ್ದರೆ ತಲೆಯ ಸುತ್ತಳತೆ ಸುಮಾರು 22 ಇಂಚು. ಗಣಿತದ ತರಗತಿಯ 22/7 ಮರೆಯದವರಿಗೆ ಇದರ ಗುಟ್ಟು ಹೇಳಬೇಕಿಲ್ಲ. ಉದ್ದ ಅಂಚು, ಹಿಂದೆ ತೂತುಗಳ ಪ್ಲಾಸ್ಟಿಕ್ ಪಟ್ಟಿ ಇರುವುದು ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಬಗೆ.

ಈಗ ಅಟ್ಟದಿಂದ ಇಳಿದ ಟೊಪ್ಪಿಗೆಗೆ ಬನ್ನಿ. ಧಾರವಾಡದ ಮುದ್ರೆ, ಪ್ಲಾಸ್ಟಿಕ್ ಪಟ್ಟಿ, ಚೀಟಿಯಲ್ಲಿ ಪಿನ್‌ಕೋಡ್, ಕರಗುವ ದಾರ. ಅಲ್ಲಿಗೆ ಅದು 1972ರ ಆಗಸ್ಟಿಗಿಂತ ಹಳೆಯದಲ್ಲ. ಅಜ್ಜನದಲ್ಲ, ಕಾಕಾನದೋ ಮಾಮಾನದೋ ಇರಬೇಕು. ಮನೆಯವರ ಮುಖ ಸಪ್ಪಗಾಗುವುದು ಸಹಜ. ಆದರೆ ಖಾನಾಪುರದಿಂದ ಬೆಳಗಿನ ರೈಲು ಹಿಡಿದು ಬೆಳಗಾವಿಗೆ ಹೋಗಿ ಕಲಿತು, ಕಾಲೇಜಿಗಾಗಿ ಆಡಿದ ಕಾಕಾನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವನ ಜೊತೆ ಆಡಿದವರು ಊರಲ್ಲಿ ಇನ್ನೂ ಇದ್ದಾರು. ಈ ಭಾನುವಾರವೇ ಕೇಳಬಹುದು.

ಅಲ್ಲಿಯವರೆಗೆ ಟೊಪ್ಪಿಗೆಯನ್ನು ಒಗೆಯಬೇಡಿ, ಚೀಟಿ ಕೀಳಬೇಡಿ. ನೆರಳಲ್ಲಿ ಗಾಳಿಗಿಟ್ಟು, ಒಳಗೆ ಬಿಳಿ ಹತ್ತಿಬಟ್ಟೆಯ ಉಂಡೆ ತುರುಕಿ, ಎಲ್ಲಿ ಸಿಕ್ಕಿತು, ಯಾರು ಏನು ಹೇಳಿದರು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ.