ರಾತ್ರಿಯ ಕವಚ

ನಾವು ಉಪಾಧ್ಯಾಯರಾಗಿದ್ದಾಗ ಒಬ್ಬ ಬಾಲಿಕೆಯನ್ನು ‘ನೆಟ್ಟಗೆ ಕುಳಿತುಕೋ’ ಎಂದು ಎರಡು ವರ್ಷ ಗದರಿಸಿದೆವು. ಆಕೆಯ ಒಂದು ಹೆಗಲು ಮೇಲಕ್ಕೂ ಇನ್ನೊಂದು ಕೆಳಕ್ಕೂ ಇರುತ್ತಿದ್ದಿತು. ಅದು ಆಲಸ್ಯವಲ್ಲ, ಬೆನ್ನುಮೂಳೆಯ ವಕ್ರತೆಯೆಂದು ವೈದ್ಯರು ತಿಳಿಸುವಷ್ಟರಲ್ಲಿ ಆಕೆಯ ಬೆಳವಣಿಗೆ ಮುಗಿದು, ಚಿಕಿತ್ಸೆಯ ಸುಸಮಯವು ಮೀರಿಹೋಗಿದ್ದಿತು. ನಮ್ಮ ಈ ತಪ್ಪು ವಾಚಕರ ಮನೆಗಳಲ್ಲಿ ಆಗದಿರಲೆಂದೇ ಇದನ್ನು ಬರೆಯುತ್ತಿದ್ದೇವೆ.

ಬೆನ್ನುಮೂಳೆಯು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ಈ ವಿಕಾರಕ್ಕೆ ಸ್ಕೋಲಿಯೋಸಿಸ್ ಎಂದು ಹೆಸರು. ಎಕ್ಸ್‌ರೇ ಚಿತ್ರದಲ್ಲಿ ಬಾಗು 10 ಡಿಗ್ರಿಯಾದರೂ ಇದ್ದಲ್ಲಿ ಈ ಹೆಸರು ಸಲ್ಲುವುದು. ಕುಳಿತುಕೊಳ್ಳುವ ರೀತಿಯಾಗಲಿ ಪುಸ್ತಕದ ಚೀಲವಾಗಲಿ ಇದಕ್ಕೆ ಕಾರಣವಲ್ಲ. ಮಕ್ಕಳು ಭರದಿಂದ ಎತ್ತರ ಬೆಳೆಯುವ ವರ್ಷಗಳಲ್ಲಿ ಇದು ಉಲ್ಬಣಿಸುತ್ತದೆ. ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ ಹೆಚ್ಚು.

ಬಾಗು ಸುಮಾರು 25ರಿಂದ 40 ಡಿಗ್ರಿಯೊಳಗಿದ್ದು ಬೆಳವಣಿಗೆ ಉಳಿದಿದ್ದರೆ ವೈದ್ಯರು ಕವಚವನ್ನು ವಿಧಿಸುವರು. ಆದರೆ ಹಗಲಿರುಳೂ ತೊಡುವ ಕವಚವನ್ನು ಸಹಪಾಠಿಗಳ ನಗೆಗೆ ಅಂಜಿ ಮಕ್ಕಳು ಕಳಚಿಡುವುದುಂಟು. ಇದಕ್ಕೆ ಬೇರೊಂದು ದಾರಿಯಾಗಿ 1979ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ ರಾತ್ರಿಯ ಕವಚವು ರೂಪುಗೊಂಡಿತು. ಅದು ದೇಹವನ್ನು ಬಾಗಿನ ವಿರುದ್ಧ ದಿಕ್ಕಿಗೆ ಬಲವಾಗಿ ಓರೆಮಾಡಿ ಹಿಡಿಯುತ್ತದೆ. ಹಾಗೆ ಓರೆಯಾಗಿ ನಡೆದಾಡುವುದು ಅಸಾಧ್ಯ, ಮಲಗುವುದು ಸಾಧ್ಯ. ಬೆಳಗಾದೊಡನೆ ಕಳಚಿಟ್ಟು ಬಾಲಿಕೆಯು ಎಲ್ಲರಂತೆ ಶಾಲೆಗೆ ಹೋಗಬಹುದು.

ಇದರಿಂದ ಫಲವುಂಟೇ? ಸ್ವೀಡನ್ನಿನ 6 ಆಸ್ಪತ್ರೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರಾತ್ರಿಯ ಕವಚ ತೊಟ್ಟ 45 ಮಕ್ಕಳಲ್ಲಿ 34 ಮಂದಿಗೆ ಬಾಗು 6 ಡಿಗ್ರಿಗಿಂತ ಹೆಚ್ಚು ಮುಂದುವರಿಯಲಿಲ್ಲ. ಕೇವಲ ಸಾಮಾನ್ಯ ವ್ಯಾಯಾಮ ಮಾಡಿದ 45 ಮಂದಿಯಲ್ಲಿ ಈ ಭಾಗ್ಯ 24 ಮಂದಿಗೆ ಮಾತ್ರ. ಕವಚವು ಬಾಗನ್ನು ನೆಟ್ಟಗೆ ಮಾಡುವುದೆಂದು ಭ್ರಮಿಸಬಾರದು. ಅದು ಹೆಚ್ಚದಂತೆ ತಡೆಯುವುದು, ಅಷ್ಟೆ. ಎಲ್ಲ ಬಗೆಯ ಬಾಗಿಗೂ ಅದು ಒಗ್ಗದು, ನಿರ್ಣಯವು ವೈದ್ಯರದು. ಬಾಗು 45–50 ಡಿಗ್ರಿಯನ್ನು ಮೀರಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆದುದರಿಂದ ತಾಯಂದಿರು ಆಗಾಗ ಮಕ್ಕಳನ್ನು ಪಾದಗಳೆರಡನ್ನೂ ಕೂಡಿಸಿ ಮುಂದಕ್ಕೆ ಬಾಗಲು ಹೇಳಿ ಬೆನ್ನನ್ನು ನೋಡಲಿ. ಒಂದು ಪಕ್ಕ ಉಬ್ಬಿದ್ದರೆ ಕೂಡಲೆ ವೈದ್ಯರಿಗೆ ತೋರಿಸಬೇಕು. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವುದು ಮಗಳಿಗೆ ಮಾಡುವ ದ್ರೋಹ. ಕವಚವನ್ನು ವಿಧಿಸಿದ ಮೇಲೆ ನೆಂಟರ ಮನೆ, ಹಬ್ಬ ಎಂದು ರಾತ್ರಿಗಳನ್ನು ತಪ್ಪಿಸಲೂಬಾರದು. ಮೊದಮೊದಲು ನಿದ್ರೆ ಕೆಡುವುದು ಸಹಜ. ಆಗ ಬೇಕಾದುದು ತಾಯಿಯ ಸಮಾಧಾನದ ಮಾತು.

ಎಳೆಯ ಗಿಡಕ್ಕೆ ಊರೆಗೋಲು ಕಟ್ಟುವವನು ಗಿಡವನ್ನು ಬೈಯುವುದಿಲ್ಲ. ನಾವು ಬೈದೆವು, ಊರೆಗೋಲು ಕಟ್ಟಲಿಲ್ಲ.