ಪಕ್ಷಗಳಿಗೆ ಚಂದಾ ಕೊಟ್ಟವರು ಯಾರು?

ಚುನಾವಣೆ ಹತ್ತಿರ ಬಂತೆಂದರೆ ಚಹಾದ ಅಂಗಡಿ, ಬಸ್ ಸ್ಟ್ಯಾಂಡ್, ಮದುವೆ ಮನೆ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತದೆ: "ಯಾರ್ ಬಂದ್ರೂ ಅಷ್ಟ ಬಿಡ್ರಿ." ನಮ್ಮ ಉರ್ದು ಮನೆಗಳಲ್ಲಿ ಇದನ್ನೇ "ಸಬ್ ಏಕೀಚ್ ಹೈ" ಎನ್ನುತ್ತಾರೆ. ಭಾಷೆ ಬೇರೆ, ಬೇಸರ ಒಂದೇ. ಹಾಗಂತ ನಮ್ಮ ಜನ ಮತ ಹಾಕುವುದನ್ನು ಬಿಟ್ಟಿಲ್ಲ. 2024ರ ಮೇ 7ರಂದು ನಡೆದ ಲೋಕಸಭಾ ಚುನಾವಣೆಯಲ್ಲಿ ಹಾವೇರಿ ಕ್ಷೇತ್ರದ ಮುಕ್ಕಾಲು ಪಾಲಿಗಿಂತ ಹೆಚ್ಚು ಮತದಾರರು ಬಿಸಿಲಿನಲ್ಲಿ ಸಾಲುಗಟ್ಟಿ ಮತ ಹಾಕಿದರು. ಅಂದರೆ ಮತ ಹಾಕುವವರಿಗೇ ಪಕ್ಷಗಳ ಮೇಲೆ ನಂಬಿಕೆ ಕಡಿಮೆಯಾಗಿದೆ. ಇದು ಯಾಕೆ? ಇದರಲ್ಲಿ ಹಣದ ಪಾತ್ರ ಎಷ್ಟು? ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಈ ಪ್ರಶ್ನೆ ಪಠ್ಯದ ಹೊರಗಿನದಲ್ಲ. ನಾವು ಓದುವ ಪ್ರಾಮಿಸರಿ ನೋಟ್, ಲಾಭ-ನಷ್ಟದ ಖಾತೆ, ಮೆಮೊರಾಂಡಮ್ ಎಲ್ಲವೂ ಇದರ ಒಳಗಿವೆ.

ಐದು ವರ್ಷದಲ್ಲಿ ಮೂರು ಸಲ

ಮೊದಲು ನಮ್ಮ ರಾಣೆಬೆನ್ನೂರಿನದೇ ಉದಾಹರಣೆ ನೋಡೋಣ. 2018ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿಂದ ಗೆದ್ದವರು ಆರ್. ಶಂಕರ್. ಅವರ ಪಕ್ಷ ಕಾಂಗ್ರೆಸ್ಸೂ ಅಲ್ಲ, ಬಿಜೆಪಿಯೂ ಅಲ್ಲ, ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ ಎಂಬ ಸಣ್ಣ ಪಕ್ಷ. ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಅವರು ಮಂತ್ರಿಯಾದರು, ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. 2019ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟು ಬೆಂಬಲ ಹಿಂದಕ್ಕೆ ಪಡೆದರು. ಜುಲೈ 23ರಂದು ಸರ್ಕಾರ ಬಿತ್ತು. ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ನಮ್ಮ ಜಿಲ್ಲೆಯವರೇ ಇಬ್ಬರು: ರಾಣೆಬೆನ್ನೂರಿನ ಶಂಕರ್ ಮತ್ತು ಹಿರೇಕೆರೂರಿನ ಬಿ.ಸಿ. ಪಾಟೀಲ್. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರಂದು ಉಪಚುನಾವಣೆ ನಡೆಯಿತು. ರಾಣೆಬೆನ್ನೂರಿನಲ್ಲಿ ಬಿಜೆಪಿಯ ಅರುಣಕುಮಾರ್ ಗೆದ್ದರು. ಹಿರೇಕೆರೂರಿನಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಪಾಟೀಲರೇ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಎರಡೂ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಹೋದವು.

ಹೀಗೆ 2018, 2019, 2023, ಐದು ವರ್ಷದಲ್ಲಿ ಮೂರು ಸಲ ಇಲ್ಲಿಯ ಜನ ಶಾಸಕರನ್ನು ಆರಿಸಲು ಸಾಲಿನಲ್ಲಿ ನಿಂತರು. ಒಂದು ಚಿಹ್ನೆಗೆ ಹಾಕಿದ ಮತ ಇನ್ನೊಂದು ಚಿಹ್ನೆಗೆ ಹೋದರೆ ಮತದಾರನಿಗೆ ಏನನಿಸಬೇಡ? ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿ ಬರುವ ಮಾತು "ರೊಕ್ಕ ಆಡಿರಬೇಕು" ಎಂಬುದು. ಹೇಳುವವರ ಹತ್ತಿರ ಸಾಕ್ಷಿ ಇರುವುದಿಲ್ಲ, ಅಲ್ಲಗಳೆಯುವವರ ಹತ್ತಿರ ಲೆಕ್ಕ ಇರುವುದಿಲ್ಲ. ಲೆಕ್ಕ ತೆರೆದಿಲ್ಲದ ಕಡೆ ಸಂಶಯ ತಾನಾಗಿಯೇ ಬೆಳೆಯುತ್ತದೆ.

ನೋಟಾ ಒತ್ತಿದರೆ ಏನಾಗುತ್ತದೆ?

ಯಾರೂ ಬೇಡ ಎನ್ನುವವರಿಗಾಗಿ ಮತಯಂತ್ರದಲ್ಲಿ ಕೊನೆಗೆ ನೋಟಾ ಗುಂಡಿ ಇದೆ. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಬಂತು. 2024ರಲ್ಲಿ ಮಧ್ಯಪ್ರದೇಶದ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಕ್ಕೆ 2.18 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆ ಗಳಿಗೆಯಲ್ಲಿ ನಾಮಪತ್ರ ಹಿಂದಕ್ಕೆ ಪಡೆದಿದ್ದರು. ಆದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆದ್ದರು. ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಅದರ ನಂತರದ ಅಭ್ಯರ್ಥಿ ಗೆಲ್ಲುತ್ತಾನೆ ಎಂಬುದೇ ಈಗಿನ ನಿಯಮ. ನೋಟಾ ಬೇಸರವನ್ನು ದಾಖಲೆ ಮಾಡುತ್ತದೆ, ಅದರ ಕಾರಣವನ್ನು ಮುಟ್ಟುವುದಿಲ್ಲ.

ಮಿತಿ ಯಾರಿಗೆ, ಯಾರಿಗಿಲ್ಲ?

ಕರ್ನಾಟಕದಲ್ಲಿ ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಹೆಚ್ಚು, ಲೋಕಸಭೆಗೆ ನಿಲ್ಲುವವರು 95 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ವಿಮಾನ, ಹೆಲಿಕಾಪ್ಟರ್, ಟಿವಿ ಜಾಹೀರಾತು, ಮೊಬೈಲ್ ಪ್ರಚಾರ ಎಲ್ಲದಕ್ಕೂ ದೊಡ್ಡ ಹಣ ಬೇಕು. ಸದಸ್ಯತ್ವದ ಶುಲ್ಕದಿಂದ ಅಷ್ಟು ಹಣ ಬರುವುದಿಲ್ಲ. ಆಗ ಪಕ್ಷಗಳು ಕಂಪನಿಗಳ ಕಡೆ ನೋಡುತ್ತವೆ.

ಇದು ಹೊಸ ವಿಷಯವೂ ಅಲ್ಲ. 1957ರಲ್ಲಿ ಟಾಟಾ ಉಕ್ಕು ಕಂಪನಿ ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲವಾಗುವಂತೆ ತನ್ನ ಮೆಮೊರಾಂಡಮ್ ತಿದ್ದಲು ಹೊರಟಾಗ ಪ್ರಕರಣ ಮುಂಬೈ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಾನೂನಿನ ಪ್ರಕಾರ ಅನುಮತಿಯನ್ನೇನೋ ಕೊಟ್ಟರು. ಆದರೆ ಈ ಅಭ್ಯಾಸ ಬೆಳೆದರೆ ಪ್ರಜಾಪ್ರಭುತ್ವದ ಉಸಿರು ಕಟ್ಟಬಹುದು ಎಂಬ ಅರ್ಥದ ಎಚ್ಚರಿಕೆಯನ್ನೂ ತೀರ್ಪಿನಲ್ಲೇ ಬರೆದರು. 1969ರಲ್ಲಿ ಕಂಪನಿ ದೇಣಿಗೆಯನ್ನು ಪೂರ್ತಿ ನಿಷೇಧಿಸಲಾಯಿತು, 1985ರಲ್ಲಿ ಮತ್ತೆ ಅನುಮತಿ ಸಿಕ್ಕಿತು. 2013ರ ಕಂಪನಿ ಕಾಯ್ದೆಯ 182ನೇ ಕಲಂ ಒಂದು ಮಿತಿ ಹಾಕಿತು: ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5.

ಲೆಕ್ಕ ಮಾಡಿ ನೋಡೋಣ. ಒಂದು ಕಂಪನಿಯ ಮೂರು ವರ್ಷದ ನಿವ್ವಳ ಲಾಭ 10 ಲಕ್ಷ, 20 ಲಕ್ಷ, 30 ಲಕ್ಷ ಎಂದುಕೊಳ್ಳಿ. ಸರಾಸರಿ 20 ಲಕ್ಷ. ಅದರ ಶೇ. 7.5 ಅಂದರೆ 1,50,000 ರೂಪಾಯಿ. ಆ ವರ್ಷ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆ ಎಂದು ಲಾಭ-ನಷ್ಟದ ಖಾತೆಯಲ್ಲಿ ತೋರಿಸಬೇಕಿತ್ತು. ಷೇರುದಾರನಿಗೂ ಗೊತ್ತಾಗುತ್ತಿತ್ತು, ಓದಲು ಮನಸ್ಸಿದ್ದ ಮತದಾರನಿಗೂ ಗೊತ್ತಾಗುತ್ತಿತ್ತು.

ಹೆಸರಿಲ್ಲದ ಪ್ರಾಮಿಸರಿ ನೋಟ್

2017ರ ಹಣಕಾಸು ಕಾಯ್ದೆ ಇದನ್ನು ಬದಲಿಸಿತು. ಶೇ. 7.5ರ ಮಿತಿ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಯಿತು. ಪಕ್ಷದ ಹೆಸರು ಹೇಳುವ ಅಗತ್ಯವೂ ಹೋಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು.

ನಾವು ಓದಿದ ಪ್ರಾಮಿಸರಿ ನೋಟಿನಲ್ಲಿ ಬರೆದುಕೊಟ್ಟವನ ಹೆಸರು, ಹಣ ಪಡೆಯುವವನ ಹೆಸರು, ಮೊತ್ತ, ಸಹಿ ಇರುತ್ತವೆ. ಚುನಾವಣಾ ಬಾಂಡ್ ಕೂಡ ಪ್ರಾಮಿಸರಿ ನೋಟಿನ ಜಾತಿಯದೇ, ಆದರೆ ಅದರ ಮೇಲೆ ಕೊಂಡವರ ಹೆಸರೂ ಇಲ್ಲ, ಪಡೆಯುವವರ ಹೆಸರೂ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಆಯ್ದ ಶಾಖೆಗಳಲ್ಲಿ 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ ರೂಪಾಯಿಯ ಬಾಂಡು ಸಿಗುತ್ತಿತ್ತು. ಕೊಂಡು ಪಕ್ಷಕ್ಕೆ ಕೊಟ್ಟರೆ, ಪಕ್ಷ 15 ದಿನದೊಳಗೆ ತನ್ನ ಖಾತೆಗೆ ಹಾಕಿಕೊಳ್ಳಬೇಕು. ಕೊಂಡವರ ವಿವರ ಬ್ಯಾಂಕಿನಲ್ಲಿತ್ತು. ಸಾಮಾನ್ಯ ಬೆಳಕಿನಲ್ಲಿ ಕಾಣದ ಒಂದು ಸಂಖ್ಯೆ ಬಾಂಡಿನ ಮೇಲಿರುವುದನ್ನು ಒಬ್ಬ ಪತ್ರಕರ್ತೆ 2018ರಲ್ಲೇ ಪರೀಕ್ಷೆ ಮಾಡಿಸಿ ಬಯಲಿಗೆ ತಂದರು. ಅಂದರೆ ಸರ್ಕಾರಿ ಬ್ಯಾಂಕಿಗೆ ಗೊತ್ತಾಗಬಹುದಾದದ್ದು ಮತದಾರನಿಗೆ ಮಾತ್ರ ಗೊತ್ತಾಗುವಂತಿರಲಿಲ್ಲ.

ನ್ಯಾಯವಾಗಿ ಇನ್ನೊಂದು ಪಕ್ಷದ ವಾದವನ್ನೂ ಹೇಳಬೇಕು. ನಗದಿನ ಕಪ್ಪು ಹಣಕ್ಕಿಂತ ಬ್ಯಾಂಕಿನ ಮೂಲಕ ಬರುವ ಹಣ ಮೇಲು, ಹೆಸರು ಬಯಲಾದರೆ ಸೋತ ಪಕ್ಷಕ್ಕೆ ಕೊಟ್ಟವರಿಗೆ ಗೆದ್ದ ಪಕ್ಷ ಕಾಟ ಕೊಡಬಹುದು ಎಂದು ಸರ್ಕಾರ ಹೇಳಿತು. ಈ ಭಯ ಸುಳ್ಳಲ್ಲ. ಆದರೆ ಒಂದು ರೋಗಕ್ಕೆ ಕೊಟ್ಟ ಔಷಧ ಇನ್ನೊಂದು ರೋಗ ತರಬಾರದಲ್ಲವೇ?

2024ರ ಮಾರ್ಚ್

2024ರ ಫೆಬ್ರವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಪಕ್ಷಕ್ಕೆ ಹಣ ಎಲ್ಲಿಂದ ಬಂತು ಎಂದು ತಿಳಿಯುವುದು ಮತದಾರನ ಹಕ್ಕು, ಅದು ಸಂವಿಧಾನದ 19(1)(ಎ) ವಿಧಿಯೊಳಗೆ ಬರುತ್ತದೆ ಎಂದಿತು. ಮಿತಿಯಿಲ್ಲದ ಕಂಪನಿ ದೇಣಿಗೆಯನ್ನೂ ಅಸಾಂವಿಧಾನಿಕ ಎಂದಿತು. ವಿವರ ಕೊಡಲು ಜೂನ್ 30ರವರೆಗೆ ಸಮಯ ಬೇಕು ಎಂದು ಸ್ಟೇಟ್ ಬ್ಯಾಂಕ್ ಕೇಳಿದ್ದನ್ನು ಮಾರ್ಚ್ 11ರಂದು ಕೋರ್ಟ್ ತಳ್ಳಿಹಾಕಿತು.

ಆ ಸೋಮವಾರ ನಮ್ಮ ಜಿಲ್ಲೆಯವರು ಮರೆಯುವ ದಿನವಲ್ಲ. ಅದೇ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ರೈತರು ಸಿಟ್ಟಿಗೆದ್ದರು, ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ದೆಹಲಿಯ ಬಾಂಡಿಗೂ ಬ್ಯಾಡಗಿಯ ದರಕ್ಕೂ ನೇರ ಸಂಬಂಧವೂ ಇಲ್ಲ. ಆದರೆ ಒಂದು ಪಾಠ ಎರಡಕ್ಕೂ ಸೇರುತ್ತದೆ. ರೈತ ಮಾರುಕಟ್ಟೆಯನ್ನು ನಂಬುವುದು ತೂಕ ಕಣ್ಣೆದುರಿಗೆ ಆಗುತ್ತದೆ, ಟೆಂಡರ್ ಆಗುತ್ತದೆ, ದಲಾಲಿ ಅಂಗಡಿಯವರು ಲೆಕ್ಕದ ಪಟ್ಟಿ ಕೊಡುತ್ತಾರೆ ಎಂಬ ಕಾರಣಕ್ಕೆ. ದರ ಯಾಕೆ ಬಿತ್ತು ಎಂಬುದಕ್ಕೆ ಒಪ್ಪುವಂಥ ಉತ್ತರ ಸಿಗದ ದಿನ ಆ ನಂಬಿಕೆ ಮುರಿಯುತ್ತದೆ. ಮತದಾರನ ನಂಬಿಕೆಯೂ ಹೀಗೆಯೇ.

ಮಾರ್ಚ್ 14ರಂದು ಚುನಾವಣಾ ಆಯೋಗ ಬಾಂಡಿನ ವಿವರವನ್ನು ತನ್ನ ಜಾಲತಾಣದಲ್ಲಿ ಹಾಕಿತು. 2019ರ ಏಪ್ರಿಲ್ 12ರ ನಂತರದ ಆ ಲೆಕ್ಕದಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ಸಿಗೆ 1,609 ಕೋಟಿ, ಕಾಂಗ್ರೆಸ್ಸಿಗೆ 1,421 ಕೋಟಿ ರೂಪಾಯಿ ಬಂದಿತ್ತು. ಅತಿ ಹೆಚ್ಚು ಕೊಂಡವರು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿಯವರು, 1,368 ಕೋಟಿ. ಎರಡನೆಯದು ಹೈದರಾಬಾದಿನ ಗುತ್ತಿಗೆ ಕಂಪನಿ ಮೇಘಾ ಎಂಜಿನಿಯರಿಂಗ್, 966 ಕೋಟಿ. ಕೊಟ್ಟವರ ಹೆಸರನ್ನು ತಾವಾಗಿಯೇ ಆಯೋಗಕ್ಕೆ ತಿಳಿಸಿದ್ದ ಕೆಲವೇ ಪಕ್ಷಗಳಲ್ಲಿ ನಮ್ಮ ರಾಜ್ಯದ ಜೆಡಿಎಸ್ ಒಂದು. ಅದಕ್ಕೆ ಬಂದ 89.75 ಕೋಟಿಯಲ್ಲಿ 50 ಕೋಟಿ ಮೇಘಾ ಕಂಪನಿಯದೇ. ಬಾಂಡ್ ಪಡೆಯುವುದಿಲ್ಲ ಎಂದು ನಿಂತ ಸಿಪಿಎಂ, ಈ ಯೋಜನೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಒಂದು.

ಇಲ್ಲಿ ಎಚ್ಚರ ಬೇಕು. ಬಾಂಡ್ ಕೊಂಡದ್ದು ಆಗಿನ ಕಾನೂನಿನಂತೆ ಅಪರಾಧವಲ್ಲ. ಕೊಟ್ಟ ಹಣಕ್ಕೂ ಸಿಕ್ಕ ಗುತ್ತಿಗೆಗೂ ಸಂಬಂಧ ಇದೆ ಎನ್ನಬೇಕಾದರೆ ಸಾಕ್ಷಿ ಬೇಕು. ಆದರೆ ಹೆಸರು ಹೊರಬಂದ ಮೇಲೆ ಕನಿಷ್ಠ ಪ್ರಶ್ನೆ ಕೇಳಲು ಸಾಧ್ಯವಾಯಿತು. ಅದಕ್ಕಿಂತ ಮೊದಲು ಬರೀ ಗುಸುಗುಸು ಇತ್ತು.

ಗುಪ್ತವಾಗಿ ಕೊಡುವುದು ಒಳ್ಳೆಯದಲ್ಲವೇ?

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಪಕ್ಷಕ್ಕೆ ಗುಪ್ತವಾಗಿ ಕೊಟ್ಟರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಇದೆ. ಬಡವನಿಗೆ ಕೊಟ್ಟವನು ಏನನ್ನೂ ವಾಪಸ್ ಬಯಸುವುದಿಲ್ಲ, ಹೆಸರು ಮುಚ್ಚುವುದು ಪಡೆದವನ ಮಾನ ಉಳಿಸಲು. ಕಾನೂನು ಮಾಡುವವರಿಗೆ, ಗುತ್ತಿಗೆ ಕೊಡುವವರಿಗೆ ಕೋಟಿಗಟ್ಟಲೆ ಕೊಡುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮಸೀದಿಗೆ ಚಂದಾ ಎತ್ತಿದರೂ, ಗಣೇಶನ ಪಟ್ಟಿ ಎತ್ತಿದರೂ ರಸೀದಿ ಹರಿದು ಕೊಡುತ್ತಾರೆ, ಕೊನೆಗೆ ಜಮಾ-ಖರ್ಚು ಹೇಳುತ್ತಾರೆ. ಓಣಿಯ ಕಮಿಟಿಯಿಂದ ನಾವು ಕೇಳುವ ಲೆಕ್ಕವನ್ನು ದೇಶ ನಡೆಸುವವರಿಂದ ಕೇಳಬಾರದೇ?

ಅಮೆರಿಕದ ಪಾಠ

ಈ ಬೇಸರ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಇರುವುದು ಎರಡೇ ದೊಡ್ಡ ಪಕ್ಷ. ಅಲ್ಲಿಯ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳಲ್ಲಿ 100ಕ್ಕೆ 40ಕ್ಕೂ ಹೆಚ್ಚು ಜನ ತಾವು ಯಾವ ಪಕ್ಷದವರೂ ಅಲ್ಲ ಎನ್ನುತ್ತಾರೆ. 2010ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಸಿಟಿಜನ್ಸ್ ಯುನೈಟೆಡ್ ಎಂಬ ಪ್ರಕರಣದಲ್ಲಿ, ಚುನಾವಣೆಯ ಪ್ರಚಾರಕ್ಕೆ ಕಂಪನಿಗಳು ಸ್ವತಂತ್ರವಾಗಿ ಮಾಡುವ ಖರ್ಚಿಗೆ ಮಿತಿ ಹಾಕುವಂತಿಲ್ಲ ಎಂದಿತು. ಐವರು ಒಪ್ಪಿದರು, ನಾಲ್ವರು ವಿರೋಧಿಸಿದರು. ಅದರ ಬೆನ್ನಿಗೇ 'ಸೂಪರ್ ಪ್ಯಾಕ್' ಎಂಬ ಪ್ರಚಾರ ಸಂಘಗಳು ಹುಟ್ಟಿದವು. 2024ರ ಚುನಾವಣೆಯಲ್ಲಿ ಉದ್ಯಮಿ ಎಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದರು.

ಗಮನಿಸಿ, ಮಸ್ಕ್ ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ. ಆದರೂ ಬೇಸರ ಕಡಿಮೆಯಾಗಿಲ್ಲ. ನಮ್ಮಲ್ಲಿ ತೊಂದರೆ ಮುಚ್ಚಿದ್ದರಿಂದ ಆಯಿತು, ಅಲ್ಲಿ ಮಿತಿ ಇಲ್ಲದ್ದರಿಂದ ಆಯಿತು. ಹೀಗಾಗಿ ಎರಡೂ ಬೇಕು: ಕೊಟ್ಟವರ ಹೆಸರು ಗೊತ್ತಿರಬೇಕು, ಕೊಡುವುದಕ್ಕೆ ಮಿತಿಯೂ ಇರಬೇಕು.

ನಾವು ಮಾಡಬಹುದಾದದ್ದು

ಬಾಂಡ್ ಹೋಯಿತು, ಎಲ್ಲ ಸರಿಹೋಯಿತು ಎನ್ನುವಂತಿಲ್ಲ. 20 ಸಾವಿರ ರೂಪಾಯಿವರೆಗೆ ಕೊಟ್ಟವರ ಹೆಸರನ್ನು ಪಕ್ಷಗಳು ಆಯೋಗಕ್ಕೆ ಹೇಳಬೇಕಾಗಿಲ್ಲ. ಹಲವು ಕಂಪನಿಗಳ ಹಣ ಒಟ್ಟುಗೂಡಿಸಿ ಪಕ್ಷಗಳಿಗೆ ಹಂಚುವ ಎಲೆಕ್ಟೋರಲ್ ಟ್ರಸ್ಟ್‌ಗಳು ಈಗಲೂ ಇವೆ. ಅಲ್ಲಿ ಟ್ರಸ್ಟಿಗೆ ಕೊಟ್ಟವರ ಹೆಸರು, ಟ್ರಸ್ಟಿನಿಂದ ಪಡೆದ ಪಕ್ಷದ ಹೆಸರು ಎರಡೂ ಸಿಗುತ್ತವೆ, ಆದರೆ ಯಾರ ಹಣ ಯಾರಿಗೆ ಹೋಯಿತು ಎಂದು ಒಂದಕ್ಕೊಂದು ಜೋಡಿಸುವುದು ಕಷ್ಟ. ಪಕ್ಷದ ಖರ್ಚಿಗೆ ಇನ್ನೂ ಮಿತಿ ಬಂದಿಲ್ಲ.

ಆದರೂ ಓದುವವರಿಗೆ ಬಾಗಿಲು ತೆರೆದಿದೆ. 20 ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಪಟ್ಟಿ ಮತ್ತು ಪಕ್ಷಗಳ ವಾರ್ಷಿಕ ಲೆಕ್ಕ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆಗಳ ಅಫಿಡವಿಟ್ಟೂ ಅಲ್ಲೇ ಸಿಗುತ್ತದೆ. ಬ್ಯಾಲೆನ್ಸ್ ಶೀಟ್ ಓದಲು ಕಲಿತ ನಾವು ಓದಿ ಮನೆಯವರಿಗೆ ಉರ್ದುವಿನಲ್ಲೋ ಕನ್ನಡದಲ್ಲೋ ಹೇಳಬಹುದು. ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲದೆ ಅಕೌಂಟೆನ್ಸಿ ಬೇರೆ ಕೆಲಸಕ್ಕೂ ಬರಲಿ.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಆ ಹೊತ್ತಿಗೆ ನಮ್ಮ ತರಗತಿಯ ಎಲ್ಲರಿಗೂ 18 ತುಂಬಿರುತ್ತದೆ. 17 ತುಂಬಿದವರು ಈಗಲೇ ನಮೂನೆ 6ರಲ್ಲಿ ಮುಂಗಡ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ 1ನೇ ತಾರೀಖನ್ನು ಲೆಕ್ಕಕ್ಕೆ ಹಿಡಿದು, 18 ತುಂಬಿದಂತೆ ಹೆಸರು ಪಟ್ಟಿಗೆ ಸೇರಿಸುತ್ತಾರೆ.

"ಯಾರ್ ಬಂದ್ರೂ ಅಷ್ಟ" ಎಂದು ಕೈಚೆಲ್ಲಿದರೆ ಲಾಭ ಆಗುವುದು ಲೆಕ್ಕ ಮುಚ್ಚಿಡಲು ಬಯಸುವವರಿಗೆ. ಮತ ಕೇಳಲು ಬಾಗಿಲಿಗೆ ಬಂದವರನ್ನು ಯಾವ ಪಕ್ಷದವರೇ ಆಗಲಿ ಕೂರಿಸಿ, ಚಹಾ ಕೊಟ್ಟು, ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳೋಣ: "ನಿಮ್ಮ ಪಕ್ಷಕ್ಕ ರೊಕ್ಕ ಕೊಟ್ಟವರು ಯಾರ್ರೀ?"

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ