ಕೋಲು ಮಾತಾಡುವುದು ಚೆಂಡು ಹೊರಟ ಮೇಲೆ

ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ಕೋಲಾಟ ಆಡುವವರ ಮನೆಗೆ ಹೋದಾಗ ಒಂದು ಕೋಲು ಕೇಳಿ ಪಡೆಯಿರಿ. ನಟ್ಟನಡುವೆ ಎರಡು ಬೆರಳಲ್ಲಿ ಹಿಡಿದು ತುದಿಗೆ ತಟ್ಟಿದರೆ ‘ಟಪ್’ ಎಂದು ದನಿ ಅಲ್ಲೇ ಸಾಯುತ್ತದೆ. ಈಗ ಹಿಡಿತವನ್ನು ಸರಿಸಿ, ತುದಿಯಿಂದ ಕೋಲಿನ ಐದನೇ ಒಂದು ಭಾಗಕ್ಕಿಂತ ತುಸು ಒಳಗೆ ಸಡಿಲವಾಗಿ ಹಿಡಿದು ನಡುವೆ ತಟ್ಟಿ. ಅದೇ ಕೋಲು ‘ಟಣ್’ ಎನ್ನುತ್ತದೆ! ಪೆಟ್ಟು ಬಿದ್ದ ಕೋಲು ಬಿಲ್ಲಿನಂತೆ ಬಾಗಿ ಬಾಗಿ ಅದುರುತ್ತದೆ. ನಡುಭಾಗವೂ ತುದಿಗಳೂ ಹೆಚ್ಚು ಅಲುಗುತ್ತವೆ, ಎರಡು ಜಾಗಗಳು ಮಾತ್ರ ಹೆಚ್ಚುಕಡಿಮೆ ನಿಂತೇ ಇರುತ್ತವೆ. ಅಲ್ಲಿ ಹಿಡಿದರೆ ಬೆರಳು ಅದುರನ್ನು ನುಂಗುವುದಿಲ್ಲ.

ಪೂಲ್ ಮತ್ತು ಸ್ನೂಕರಿನ ಕ್ಯೂ ಕೂಡ ಇಂಥದೇ ಕೋಲು. ಉದ್ದ ಸುಮಾರು 147 ಸೆಂ.ಮೀ., ತೂಕ ಅರ್ಧ ಕಿಲೋ ಆಸುಪಾಸು. ನಮಗೆ ಇದು ಹೊರಗಿನ ಆಟವೆಂದು ನನಗೆ ಅನ್ನಿಸುವುದೇ ಇಲ್ಲ. 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ ಶುರುಮಾಡಿದ ಸ್ನೂಕರಿಗೆ ನಿಯಮಗಳು ರೂಪುಗೊಂಡದ್ದು ಊಟಿಯ ಕ್ಲಬ್ಬಿನಲ್ಲಿ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿ ನಂಜನಗೂಡಿನ ಮೇಲೆಯೇ ಹೋಗುತ್ತದೆ.

ಹೊಸ ಕ್ಯೂ ಹಿಡಿದ ಹುಡುಗರು ‘ಹಿಟ್ ಸಕತ್ತಾಗಿದೆ’ ಅನ್ನುತ್ತಾರೆ. ಈ ‘ಹಿಟ್’ ಅಂದರೇನು? ಕ್ಯೂ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೋ ಎರಡೋ ಭಾಗದಷ್ಟು ಹೊತ್ತು. ಕೈಯ ಸುದ್ದಿ ಮಿದುಳಿಗೆ ಮುಟ್ಟಲು ಅದರ ಎಷ್ಟೋ ಪಟ್ಟು ಸಮಯ ಬೇಕು. ನಮಗೆ ಹೊಡೆತ ಗೊತ್ತಾಗುವ ವೇಳೆಗೆ ಚೆಂಡು ಹೊರಟುಹೋಗಿರುತ್ತದೆ. ಆ ಅನುಭವದಿಂದ ಈ ಹೊಡೆತ ತಿದ್ದಲಾಗದು, ಮುಂದಿನದನ್ನು ತಿದ್ದಬಹುದು. ಕಿವಿಗೆ ಬಿದ್ದ ದನಿಯೂ ಕೈಗೆ ಬಂದ ಅದುರೂ ಒಳಗೆ ಬೆರೆತು ಒಂದೇ ಆಗಿ ತೋರುತ್ತವೆ.

ಆ ದನಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ತುದಿಯ ಬೆರಳುಗುರಿನಷ್ಟು ಚರ್ಮ. ಮೆತ್ತನೆಯ ಚರ್ಮ ಅಮುಕಿಕೊಂಡು ಚೆಂಡಿಗೆ ತುಸು ಹೆಚ್ಚು ಹೊತ್ತು ತಾಗಿರುತ್ತದೆ, ದನಿ ದಪ್ಪವಾಗುತ್ತದೆ. ಗಟ್ಟಿ ಚರ್ಮದ್ದು ಚುರುಕಾದ ‘ಟಕ್’. ಬ್ರೇಕ್, ಅಂದರೆ ಆಟ ಶುರುಮಾಡುವ ಮೊದಲ ಹೊಡೆತ, ಹೊಡೆಯಲೆಂದೇ ಮಾಡಿದ ಕೆಲವು ಕ್ಯೂಗಳಲ್ಲಿ ಚರ್ಮದ ಬದಲು ಫೀನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ, ಅವುಗಳ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಚರ್ಮದ ಕೆಳಗಿನ ಬಳೆ ಸ್ನೂಕರಿನಲ್ಲಿ ಸಾಮಾನ್ಯವಾಗಿ ಹಿತ್ತಾಳೆಯದು.

ಮರದ ವಿಷಯಕ್ಕೆ ಬಂದರೆ, ಸ್ನೂಕರಿಗೆ ಹೆಚ್ಚಾಗಿ ಆ್ಯಶ್, ಪೂಲಿಗೆ ಮೇಪಲ್. ಬುಡಕ್ಕೆ ಎಬೊನಿ ಅಥವಾ ರೋಸ್‌ವುಡ್, ಅಂದರೆ ಮೈಸೂರಿನ ಕುಸುರಿಗಾರರು ಕೆತ್ತನೆಗೆ ಬಳಸುವ ನಮ್ಮ ಬೀಟೆ ಮರ! ಬುಡ ಭಾರವಾದಷ್ಟೂ ಹಿಂದಿನ ಕೈಗೆ ತಲುಪುವ ಅದುರು ತಗ್ಗುತ್ತದೆ. ಎರಡು ತುಂಡಿನ ಕ್ಯೂ ಆದರೆ ನಡುವಿನ ಸ್ಕ್ರೂ ಸ್ವಲ್ಪ ಸಡಿಲವಾದರೂ ಸಾಕು, ಹೊಡೆತದ ಹಿಂದೆಯೇ ‘ಗಿರ್’ ಎಂಬ ಕಿರಿಕಿರಿ.

ಹೀಗಾಗಿ ಕ್ಯೂ ಜೀವವಿಲ್ಲದ ದನಿ ಕೊಡುತ್ತಿದ್ದರೆ ಮೊದಲು ಸ್ಕ್ರೂ ಬಿಗಿಮಾಡಿ, ಬುಡದ ರಬ್ಬರ್ ಅಲುಗುತ್ತಿದೆಯೇ ನೋಡಿ, ತುದಿಯ ಚರ್ಮ ಬದಲಿಸಿ. ಆಮೇಲೂ ಹಿಡಿಸದಿದ್ದರೆ ಹೊಸ ಕೋಲಿಗೆ ದುಡ್ಡು ಹಾಕಿ.